ಆಕಾಶದ ಒಂದು ಫೋಟೋ, ಜೊತೆಗೊಂದು ಕತೆ: ಡೊಂಬಿವಲಿ ಟೆರೇಸಿನಿಂದ ಮಕ್ಕಳ ಸ್ಪರ್ಧೆಗೆ ತಯಾರಿ

ಇದು ಈ ವಾರದ ವಿಡಿಯೋದ ಬರಹ ರೂಪ. ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹ್ಯಾಂಡಲ್ ಹಿಡ್ಕೊಂಡು ವಿಡಿಯೋ ನೋಡೋಕಾಗಲ್ಲ, ಆದರೆ ಓದೋಕಾಗುತ್ತೆ ಅಂತ ನೀವೇ ಹೇಳಿದ್ದು. ಮಾತಾಡುವಾಗ ಬಿಟ್ಟುಹೋದ ಲೆಕ್ಕಗಳನ್ನೂ ಇಲ್ಲಿ ಸೇರಿಸಿದ್ದೇನೆ.

ವಿಷಯ ಇದು. ಮಕ್ಕಳ ಶಾಲೆಯಿಂದ ವರ್ಷಕ್ಕೆ ಒಂದು ಸಲವಾದರೂ ಒಂದು ನೋಟಿಸ್ ಬರುತ್ತೆ: ಬಾಹ್ಯಾಕಾಶಕ್ಕೆ ಸಂಬಂಧಪಟ್ಟ ಒಂದು ಫೋಟೋ ತೆಗೆಯಿರಿ, ಅದರ ಬಗ್ಗೆ 300 ಪದದ ಕತೆ ಬರೆಯಿರಿ. ಕೂಡಲೇ ಪೇರೆಂಟ್ಸ್ ಗ್ರೂಪಿನಲ್ಲಿ ಗಲಾಟೆ. ಡೊಂಬಿವಲಿಯಲ್ಲಿ ಆಕಾಶ ಎಲ್ಲಿ ಕಾಣುತ್ತೆ? ಟೆಲಿಸ್ಕೋಪ್ ಬೇಕಾ? ಡಿಎಸ್‌ಎಲ್‌ಆರ್ ಬಾಡಿಗೆಗೆ ಸಿಗುತ್ತಾ? ನೆಟ್‌ನಿಂದ ತಗೊಂಡ್ರೆ ಗೊತ್ತಾಗುತ್ತಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಟೆಲಿಸ್ಕೋಪ್ ಬೇಡ, ಡಿಎಸ್‌ಎಲ್‌ಆರ್ ಬೇಡ, ಮನೆಯಲ್ಲಿರೋ ಫೋನ್ ಸಾಕು. ನೆಟ್‌ನಿಂದ ತಗೋಬೇಡಿ. ಇನ್ನೊಂದು, ಅದಕ್ಕಿಂತ ಮುಖ್ಯವಾದದ್ದು: ಅಪ್ಪ ಅಮ್ಮ ಸ್ವಲ್ಪ ದೂರ ನಿಲ್ಲಬೇಕು. ಈ ಕೊನೆಯ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ನಾನು ಮಾಡಿದ ತಪ್ಪು

2024ರ ಆಗಸ್ಟ್. ಮಗಳು ಆಗ ಆರನೇ ಕ್ಲಾಸ್. ಶಾಲೆಯಲ್ಲಿ ಇಂಥದೇ ಸ್ಪರ್ಧೆ. ಮಳೆಗಾಲ, ಎರಡು ದಿನಕ್ಕೊಮ್ಮೆ ಮೋಡ ಸ್ವಲ್ಪ ಬಿಡೋದು. ಅಂಥ ಒಂದು ಸಂಜೆ ಅವಳು ಗ್ಯಾಲರಿಯಿಂದ ಚಂದ್ರನ ಫೋಟೋ ತೆಗೆದಳು. ಚಂದ್ರ ಅನ್ನೋದು ಒಂದು ಬಿಳಿ ಚುಕ್ಕೆ. ಮುಂದೆ ಗ್ರಿಲ್, ಗ್ರಿಲ್ಲಿಗೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಒಣಗೋಕೆ ಹಾಕಿದ ಸೀರೆ.

ನಾನು ಎಂ.ಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಓದಿದವನು. ನೋಡಿ ಸುಮ್ಮನಿರೋಕಾಗಲಿಲ್ಲ. ಮರುದಿನ ನನ್ನ ಫೋನಿನಲ್ಲಿ ಜೂಮ್ ಹಾಕಿ 40 ಫ್ರೇಮ್ ತೆಗೆದೆ, ಒಂದರ ಮೇಲೊಂದು ಜೋಡಿಸಿ ನಾಯ್ಸ್ ಕಡಿಮೆ ಮಾಡಿದೆ, ಶಾರ್ಪ್ ಮಾಡಿದೆ. ಕುಳಿಗಳೆಲ್ಲ ಕಾಣುವ ಚಂದ್ರ ಬಂತು. ಕತೆಯನ್ನೂ "ಸ್ವಲ್ಪ ಸರಿಮಾಡಿ" ಕೊಟ್ಟೆ. ಅವಳ ಹಳೇ ಫೋಟೋವನ್ನು ಸ್ಟೋರೇಜ್ ಫುಲ್ ಅಂತ ಡಿಲೀಟ್ ಮಾಡಿದೆ.

ಶಾಲೆಯಲ್ಲಿ ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: "ಈ ಫೋಟೋದಲ್ಲಿ ನಿನಗೆ ಇಷ್ಟವಾದ ಜಾಗ ಯಾವುದು?" ಮಗಳು ಸುಮ್ಮನೆ ನಿಂತಳು. ಆಮೇಲೆ, "ಇದು ಪಪ್ಪಾ ತೆಗೆದದ್ದು" ಅಂದಳು. ಯಾರೂ ಬೈಯಲಿಲ್ಲ. ರಿಕ್ಷಾದಲ್ಲಿ ಬರುವಾಗ ನನಗೆ ಹೇಳಿದಳು: "ನನ್ನ ಫೋಟೋದಲ್ಲಿ ಅಜ್ಜಿ ಸೀರೆ ಇತ್ತು."

ನಮ್ಮವ್ವ ಆಗಷ್ಟೇ ಊರಿಂದ ಬಂದು ಹದಿನೈದು ದಿನ ಇದ್ದು ಹೋಗಿದ್ದಳು. ಗದಗ ಕಡೆ ಹಳ್ಳಿ ನಮ್ಮದು. ಮಗಳಿಗೆ ಆ ಫೋಟೋದಲ್ಲಿ ಕತೆ ಇತ್ತು. ನಾನು ಅದನ್ನು ಅಳಿಸಿ, ಕುಳಿ ಇರೋ ಚಂದ್ರನನ್ನು ಕೊಟ್ಟಿದ್ದೆ.

ಇಂಥ ಸ್ಪರ್ಧೆಗಳು ಎಲ್ಲಿಂದ ಬಂದವು

ಇದು ನಮ್ಮ ಶಾಲೆಗಳು ಮಾತ್ರ ಹುಟ್ಟುಹಾಕಿದ್ದಲ್ಲ. ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ 1995ರಲ್ಲಿ ಕಿಡ್‌ಸ್ಯಾಟ್ ಅನ್ನೋ ಯೋಜನೆ ಶುರುಮಾಡಿದರು. ಸ್ಪೇಸ್ ಶಟಲ್ ಕಿಟಕಿಯಲ್ಲಿ ಒಂದು ಕ್ಯಾಮೆರಾ. ಭೂಮಿಯ ಯಾವ ಜಾಗದ ಫೋಟೋ ಬೇಕು ಅಂತ ಆರಿಸುವವರು ಶಾಲಾ ಮಕ್ಕಳು. ಐದು ಶಟಲ್ ಯಾನಗಳಲ್ಲಿ ಹಾರಿ, 2001ರಲ್ಲಿ ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು, ಅಷ್ಟರೊಳಗೆ ಹೆಸರು ಅರ್ಥ್‌ಕ್ಯಾಮ್ ಆಗಿತ್ತು. ಮಗು ನಿಲ್ದಾಣದ ದಾರಿ ನೋಡಬೇಕು, ಆ ಹೊತ್ತಿಗೆ ಅಲ್ಲಿ ಹಗಲೋ ರಾತ್ರಿಯೋ ಲೆಕ್ಕ ಹಾಕಬೇಕು, ಮೋಡ ಇರುತ್ತಾ ಅಂತ ಯೋಚಿಸಬೇಕು, ಆಮೇಲೆ ಜಾಗ ಆರಿಸಬೇಕು. ಬಟನ್ ಒತ್ತೋದು ಕಂಪ್ಯೂಟರ್. ಅಂದರೆ ಫೋಟೋ ಅನ್ನೋದು ನಿಜವಾಗಿ ಆ ಯೋಚನೆ.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯ 2009ರಿಂದ ಖಗೋಳ ಛಾಯಾಗ್ರಹಣ ಸ್ಪರ್ಧೆ ನಡೆಸುತ್ತಿದೆ. 16ರ ಒಳಗಿನವರಿಗೆ ಬೇರೆ ವಿಭಾಗ ಇದೆ. 2021ರಲ್ಲಿ ಆ ವಿಭಾಗದಲ್ಲಿ ಗೆದ್ದದ್ದು 15 ವರ್ಷದ ಹುಡುಗನ ಚಿತ್ರ: ಸೂರ್ಯ, ಚಂದ್ರ, ಗ್ರಹಗಳನ್ನು ಬೇರೆ ಬೇರೆಯಾಗಿ ತೆಗೆದು ಒಂದೇ ಕುಟುಂಬದ ಫೋಟೋ ಥರ ಜೋಡಿಸಿದ್ದ. ಜೋಡಿಸಿದ್ದು ಅಂತ ಮುಚ್ಚಿಡಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ನಮ್ಮಲ್ಲಿ ಇಂಥ ಸ್ಪರ್ಧೆಗಳು ಹೆಚ್ಚಾಗಿ ಬರೋದು ಎರಡು ಸಲ. ಒಂದು, ಆಗಸ್ಟ್ 23, ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರ ಆ ದಿನ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಇನ್ನೊಂದು, ಅಕ್ಟೋಬರ್ 4ರಿಂದ 10, ವಿಶ್ವ ಬಾಹ್ಯಾಕಾಶ ಸಪ್ತಾಹ. 1957ರ ಅಕ್ಟೋಬರ್ 4 ಸ್ಪುಟ್ನಿಕ್ ಹಾರಿದ ದಿನ, 1967ರ ಅಕ್ಟೋಬರ್ 10 ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದ ದಿನ. ಎರಡೂ ನಮ್ಮ ಕೊಂಕಣದ ಮಟ್ಟಿಗೆ ಕಷ್ಟದ ಕಾಲ. ಆಗಸ್ಟ್ ಪೂರ್ತಿ ಮಳೆ, ಅಕ್ಟೋಬರ್ ಮೊದಲ ವಾರ ಅರ್ಧ ಮಳೆ. ಹಾಗಾಗಿ ನೋಟಿಸ್ ಬಂದ ಮೇಲೆ ಫೋಟೋ ತೆಗೀತೀನಿ ಅಂದ್ರೆ ಆಗಲ್ಲ. ನವೆಂಬರಿನಿಂದ ಮೇ ತಿಂಗಳೊಳಗೆ ತೆಗೆದು ಇಟ್ಟುಕೊಂಡಿರಬೇಕು.

ಫೋಟೋ ಸರಿ, ಕತೆ ಯಾಕೆ?

ಈ ಪ್ರಶ್ನೆ ಕೇಳುವವರಿಗೆ ನಾನು ಮೂರು ಫೋಟೋ ತೋರಿಸ್ತೀನಿ.

ಮೊದಲನೆಯದು 1968ರ ಡಿಸೆಂಬರ್ 24ರದು. ಅಪೊಲೊ 8 ಚಂದ್ರನನ್ನು ಸುತ್ತುತ್ತಿತ್ತು. ಆ ಮೂವರ ಕೆಲಸ ಚಂದ್ರನ ನೆಲದ ಫೋಟೋ ತೆಗೆಯೋದು. ನಾಲ್ಕನೇ ಸುತ್ತಿನಲ್ಲಿ ಕಿಟಕಿಯಾಚೆ ಚಂದ್ರನ ಅಂಚಿನ ಮೇಲೆ ಭೂಮಿ ಎದ್ದು ಬಂತು. ಬಿಲ್ ಆ್ಯಂಡರ್ಸ್ ಮೊದಲು ಕಪ್ಪು ಬಿಳುಪಿನಲ್ಲಿ ಒಂದು ಕ್ಲಿಕ್ ಮಾಡಿದರು, ಬಣ್ಣದ ಫಿಲ್ಮ್ ಬೇಗ ಕೊಡಿ ಅಂತ ಜೊತೆಯವರನ್ನು ಕೇಳಿದರು, ಆಮೇಲೆ ತೆಗೆದದ್ದು ಇಡೀ ಜಗತ್ತು ನೋಡಿದ ಫೋಟೋ. ಆ ಮುಖ್ಯ ಫೋಟೋ ಕೆಲಸದ ಪಟ್ಟಿಯ ನಡುವೆ ಬಂದದ್ದು. ಅದು ಗೊತ್ತಿದ್ದರೆ ಚಿತ್ರ ಬೇರೆಯೇ ಆಗಿ ಕಾಣುತ್ತೆ.

ಎರಡನೆಯದು 1990ರ ಫೆಬ್ರವರಿ 14ರದು. ವಾಯೇಜರ್ 1 ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂದಕ್ಕೆ ತಿರುಗಿ ಭೂಮಿಯನ್ನು ನೋಡಿದ್ದು. ಹಾಗೆ ಮಾಡಿ ಅಂತ ಒತ್ತಾಯ ಮಾಡಿದವರು ಕಾರ್ಲ್ ಸೇಗನ್. ಆ ಫೋಟೋದಲ್ಲಿ ಭೂಮಿಯ ಗಾತ್ರ ಒಂದು ಪಿಕ್ಸೆಲ್‌ಗಿಂತ ಕಡಿಮೆ, 0.12 ಪಿಕ್ಸೆಲ್. ಕತೆ ತೆಗೆದುಬಿಟ್ಟರೆ ಅದು ಲೆನ್ಸ್ ಮೇಲಿನ ಧೂಳು.

ಮೂರನೆಯದು ನಮ್ಮದು. 2023ರ ಆಗಸ್ಟ್ 30ರಂದು ಪ್ರಜ್ಞಾನ್ ರೋವರ್ ತನ್ನನ್ನು ಇಳಿಸಿದ ವಿಕ್ರಮ್‌ನ ಫೋಟೋ ತೆಗೆಯಿತು. ಅದರ ನ್ಯಾವ್‌ಕ್ಯಾಮ್ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ದಾರಿ ನೋಡೋಕೆ ಅಂತ ಇಟ್ಟ ಕಣ್ಣು ಅದು. ಮಗಳು ಆ ಫೋಟೋ ನೋಡಿ, "ಮನೆಯಿಂದ ಹೊರಗೆ ಬಂದು ಮನೆ ಫೋಟೋ ತೆಗೀತು" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಇಲ್ಲಿ ಕತೆ ಅಂದರೆ ಏಲಿಯನ್ ಬಂತು, ರಾಕೆಟ್ ಹಾರಿತು ಅಂತಲ್ಲ. ಏನು ಕಂಡೆ, ಏನು ಪ್ರಶ್ನೆ ಬಂತು, ಉತ್ತರ ಹೇಗೆ ಹುಡುಕಿದೆ. ಈ ಮೂರು ಇದ್ದರೆ ಕತೆ ಆಯಿತು.

ನಮ್ಮ ಟೆರೇಸಿನಿಂದ ಏನೇನು ಕಾಣುತ್ತೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ: ಎಲ್ಲ ಕಡೆ ಬೀದಿ ದೀಪ, ಟವರ್ ದೀಪ, ಎಂಐಡಿಸಿ ದೀಪ. ಮೇಲಕ್ಕೆ ಹೋದ ಬೆಳಕು ಗಾಳಿಯಲ್ಲಿರೋ ಧೂಳು, ತೇವಕ್ಕೆ ತಾಗಿ ವಾಪಸ್ ಬರುತ್ತೆ. ಸಮುದ್ರ ಪಕ್ಕದಲ್ಲೇ ಇರೋದರಿಂದ ನಮ್ಮಲ್ಲಿ ತೇವ ಜಾಸ್ತಿ. ಆಕಾಶವೇ ಬೂದು ಬಣ್ಣಕ್ಕೆ ಹೊಳೆಯುತ್ತೆ, ಮಂದ ನಕ್ಷತ್ರಗಳು ಅದರಲ್ಲಿ ಮುಳುಗಿಹೋಗ್ತವೆ. ಕ್ಷೀರಪಥ ಇಲ್ಲಿಂದ ಕಾಣಲ್ಲ. ಯಾರಾದರೂ ಏರೋಲಿಯ ಬಾಲ್ಕನಿಯಿಂದ ಕ್ಷೀರಪಥ ತೆಗೆದೆ ಅಂದರೆ ನಂಬಬೇಡಿ.

ಕಾಣೋದೂ ಇದೆ. ಚಂದ್ರ, ಶುಕ್ರ, ಗುರು, ಶನಿ, ಮಂಗಳ. ಚಳಿಗಾಲದಲ್ಲಿ ಒರೈಯನ್, ಅದರ ಕೆಳಗೆ ಲುಬ್ಧಕ, ಇನ್ನೂ ದಕ್ಷಿಣಕ್ಕೆ ಅಗಸ್ತ್ಯ. ಮತ್ತೆ ಬಾಹ್ಯಾಕಾಶ ನಿಲ್ದಾಣ. ಒಂದು ಮಗುವಿಗೆ ಇಷ್ಟು ಬೇಕಾದಷ್ಟಾಯಿತು.

ಕತ್ತಲೆ ಆಕಾಶವೇ ಬೇಕು ಅಂದರೆ ಕರ್ಜತ್ ಲೋಕಲ್ ಹತ್ತಿ, ಬದಲಾಪುರ ದಾಟಿ ವಾಂಗಣಿ. ಮುಂಬೈನ ಖಗೋಳ ಮಂಡಳದ ಹವ್ಯಾಸಿಗಳು 1980ರ ದಶಕದಿಂದ ಖಗೋಳ ಪ್ರಚಾರ ಮಾಡ್ತಿದ್ದಾರೆ, ವಾಂಗಣಿಯಲ್ಲಿ ರಾತ್ರಿಯಿಡೀ ಆಕಾಶ ತೋರಿಸುವ ಕಾರ್ಯಕ್ರಮಗಳು ಅವರ ಹಳೇ ಪದ್ಧತಿ. ಮಳೆಗಾಲಕ್ಕಾದರೆ ವರ್ಳಿಯ ನೆಹರೂ ತಾರಾಲಯ ಇದೆ, 1977ರಿಂದ.

ಟೆರೇಸ್ ಬೀಗದ ಕೀ ಮಾತ್ರ ಮೊದಲೇ ಕೇಳಿಟ್ಕೊಳ್ಳಿ. ನಮ್ಮ ಸೊಸೈಟಿಯಲ್ಲಿ ಒರೈಯನ್ ಸಿಗೋದು ಸುಲಭ, ಕೀ ಸಿಗೋದು ಕಷ್ಟ. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಪ್ಯಾರಾಪೆಟ್ ಗೋಡೆ ಮೇಲೆ ಫೋನ್ ಇಡೋಕೆ ಬಿಡಬೇಡಿ, ಬಗ್ಗಿ ನೋಡ್ತಾರೆ.

ಚಂದ್ರ: 25 ಪಿಕ್ಸೆಲ್ ಲೆಕ್ಕ

ಎಲ್ಲ ಮಕ್ಕಳೂ ಮೊದಲು ತೆಗೆಯೋದು ಚಂದ್ರನನ್ನೇ. ಎಲ್ಲರಿಗೂ ಬರೋದು ಬಿಳಿ ಚುಕ್ಕೆ. ಯಾಕೆ?

ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಡುತ್ತೆ. ಫೋಟೋ 4000 ಪಿಕ್ಸೆಲ್ ಅಗಲ ಇದ್ದರೆ ಚಂದ್ರನಿಗೆ ಸಿಗೋದು 25ರಿಂದ 30 ಪಿಕ್ಸೆಲ್. ಅಷ್ಟರಲ್ಲಿ ಯಾವ ಕುಳಿ ಕಾಣಬೇಕು?

ಎರಡನೇ ಕಾರಣ ಬೆಳಕು. ಸುತ್ತ ರಾತ್ರಿ ಇದೆ ಅಂತ ಫೋನ್ ಜಾಸ್ತಿ ಹೊತ್ತು ಕಣ್ಣು ತೆರೆಯುತ್ತೆ. ಆದರೆ ಚಂದ್ರ ಅಂದರೆ ಮಧ್ಯಾಹ್ನದ ಬಿಸಿಲಲ್ಲಿರೋ ಬಂಡೆ. ಹಾಗಾಗಿ ಸ್ಕ್ರೀನ್ ಮೇಲೆ ಚಂದ್ರನನ್ನು ಒತ್ತಿ ಹಿಡಿದು, ಪಕ್ಕದಲ್ಲಿ ಬರೋ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯಿರಿ. ಬಿಳಿ ಚುಕ್ಕೆ ಬೂದು ಚಂದ್ರ ಆಗೋದು ಕಣ್ಣೆದುರೇ ಕಾಣುತ್ತೆ.

ಇಲ್ಲೊಂದು ಎಚ್ಚರಿಕೆ. ಕೆಲವು ಫೋನುಗಳು ಚಂದ್ರ ಅಂತ ಗುರುತು ಹಿಡಿದ ಕೂಡಲೇ ತಾವೇ ವಿವರ ಸೇರಿಸ್ತವೆ. 2023ರಲ್ಲಿ ಒಬ್ಬರು ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲೆ ಇಟ್ಟು, ದೂರದಿಂದ ಫೋನಿನಲ್ಲಿ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಮಗುವಿಗೆ ಈ ಪ್ರಯೋಗವನ್ನೇ ಮಾಡೋಕೆ ಹೇಳಿ. "ನಮ್ಮ ಫೋನ್ ಸುಳ್ಳು ಹೇಳುತ್ತಾ?" ಅನ್ನೋದೇ ಒಂದು ಒಳ್ಳೇ ಕತೆ.

ನನ್ನ ಸಲಹೆ: ಚಂದ್ರ ಚಿಕ್ಕದಾಗೇ ಇರಲಿ, ಅದರ ಮುಂದೆ ನಿಮ್ಮ ಊರು ಬರಲಿ. ನೀರಿನ ಟ್ಯಾಂಕು, ಓವರ್‌ಹೆಡ್ ತಂತಿ, ಖಾಡಿಯ ಸೇತುವೆ, ಗ್ಯಾಲರಿಯ ಸೀರೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ನಾಲ್ಕು ದಿನ ತೆಗೆದರೆ ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿದಿರೋದು ಕಾಣುತ್ತೆ. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿ. ಮುಷ್ಟಿ ಹಿಡಿದೇ ಅಳೆಯಬಹುದು.

ನಕ್ಷತ್ರ ಮತ್ತು ಬಾಹ್ಯಾಕಾಶ ನಿಲ್ದಾಣ

ನಕ್ಷತ್ರಕ್ಕೆ ಫೋನ್ ಅಲುಗಾಡಬಾರದು. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಚೀಲಕ್ಕೆ ಆನಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ. ಪ್ರೋ ಮೋಡ್‌ನಲ್ಲಿ ಶಟರ್ 10 ಸೆಕೆಂಡ್. ಅದಕ್ಕಿಂತ ಜಾಸ್ತಿ ಯಾಕೆ ಬೇಡ ಅಂದರೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. 10 ಸೆಕೆಂಡಿನಲ್ಲಿ ನಕ್ಷತ್ರ ಎರಡು ಮೂರು ಪಿಕ್ಸೆಲ್ ಸರಿಯುತ್ತೆ, ಕಣ್ಣಿಗೆ ಗೊತ್ತಾಗಲ್ಲ. 30 ಸೆಕೆಂಡ್ ಇಟ್ಟರೆ ಏಳು ಪಿಕ್ಸೆಲ್, ಚುಕ್ಕೆ ಗೆರೆ ಆಗುತ್ತೆ. ನಮ್ಮ ಬೂದು ಆಕಾಶವೂ ಅಷ್ಟೊತ್ತಿಗೆ ಬಿಳಿಯಾಗಿಬಿಡುತ್ತೆ.

ಬಾಹ್ಯಾಕಾಶ ನಿಲ್ದಾಣಕ್ಕೆ ಉಲ್ಟಾ, ಗೆರೆಯೇ ಬೇಕು. ಅದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ, 90 ನಿಮಿಷಕ್ಕೊಂದು ಸುತ್ತು ಹಾಕುತ್ತೆ. ಕಾಣೋದು ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು, ಅಥವಾ ಬೆಳಗಿನ ಜಾವ. ನಮಗೆ ಕತ್ತಲೆ, ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು, ಅದಕ್ಕೆ. ಮಿನುಗಲ್ಲ, ವಿಮಾನದ ಥರ ದೀಪ ಆರಿ ಹತ್ತಿ ಆಗಲ್ಲ, ಸುಮ್ಮನೆ ಜಾರಿ ಹೋಗುತ್ತೆ. ಯಾವಾಗ ಬರುತ್ತೆ ಅಂತ ನಾಸಾದ ಸ್ಪಾಟ್ ದಿ ಸ್ಟೇಷನ್‌ನಲ್ಲಿ ನೋಡಿಕೊಳ್ಳಬಹುದು.

2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದರು, ಜೂನ್ 25ಕ್ಕೆ ಹೊರಟು ಜುಲೈ 15ಕ್ಕೆ ವಾಪಸ್. ನಮ್ಮ ಕಡೆ ಸರಿಯಾಗಿ ಮಳೆಗಾಲ. ನಮ್ಮ ಬಿಲ್ಡಿಂಗಿನ ಮಕ್ಕಳು ಛತ್ರಿ ಹಿಡಿದು ಟೆರೇಸಿಗೆ ಹೋಗಿ, ಮೋಡಕ್ಕೇ ಕೈ ಬೀಸಿ ಬಂದರು.

ಹಗಲಿನ ಫೋಟೋ: ನೆರಳೇ ಇಲ್ಲದ ನಿಮಿಷ

ರಾತ್ರಿ ಎಚ್ಚರ ಇರದ ಸಣ್ಣ ಮಕ್ಕಳಿಗೆ ಇದು ಒಳ್ಳೆಯದು. ನಾವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿರೋದರಿಂದ ವರ್ಷಕ್ಕೆ ಎರಡು ದಿನ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ. ಠಾಣೆ, ಡೊಂಬಿವಲಿ ಕಡೆ ಮೇ ಮಧ್ಯಭಾಗ, ಮತ್ತೆ ಜುಲೈ ಕೊನೆ. ಜುಲೈನಲ್ಲಿ ಮೋಡ, ಹಾಗಾಗಿ ಮೇ ಒಂದೇ ಗತಿ. ಹೊತ್ತು 12 ಗಂಟೆ ಅಲ್ಲ, ಸುಮಾರು 12 ಗಂಟೆ 35 ನಿಮಿಷ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 73ರಲ್ಲಿ. ಡಿಗ್ರಿಗೆ 4 ನಿಮಿಷ ತಡ.

ಮೇ ರಜೆಗೆ ಊರಿಗೆ ಹೋಗಿದ್ದರೆ? ಅಲ್ಲಿಗೂ ಅದರದೇ ದಿನ ಇದೆ. ಬೆಂಗಳೂರಿಗೆ ಏಪ್ರಿಲ್ 24-25ರ ಸುಮಾರು. ಉತ್ತರಕ್ಕೆ ಬಂದಷ್ಟೂ ದಿನ ಮುಂದಕ್ಕೆ ಹೋಗುತ್ತೆ. ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಒಬ್ಬ ಬೆಂಗಳೂರಲ್ಲಿ, ಒಬ್ಬಳು ಕಲ್ಯಾಣದಲ್ಲಿ, ಒಂದೇ ಅಳತೆಯ ಸ್ಟೀಲ್ ಲೋಟ ಇಟ್ಟು ತೆಗೆದರೆ ಭೂಮಿ ದುಂಡಗಿದೆ ಅನ್ನೋದಕ್ಕೆ ಮನೆಯಲ್ಲೇ ಸಾಕ್ಷಿ.

ಮಿರಗ ಎಲ್ಲಿ ಹೋಯಿತು

ಈಗ ಮಗಳ ಎರಡನೇ ಸಲದ ಕತೆ. 2025ರ ಜನವರಿ. ರಾತ್ರಿ ಎಂಟರ ಹೊತ್ತಿಗೆ ಟೆರೇಸಿನ ಟ್ಯಾಂಕ್ ಪಕ್ಕ ನಿಂತು ಅವಳೇ ಒರೈಯನ್ ತೆಗೆದಳು. ನಾನು ಅಕ್ಕಿ ಚೀಲ ಹಿಡಿದಿದ್ದೆ, ಅಷ್ಟೇ. ಫೋಟೋ ಸ್ವಲ್ಪ ಓರೆ, ಟ್ಯಾಂಕಿನ ಪೈಪ್ ಕೂಡ ಬಂದಿದೆ. ಒರೈಯನ್ ತಲೆಯ ಹತ್ತಿರದ ಸಣ್ಣ ಚುಕ್ಕೆಗಳನ್ನು ನಮ್ಮಲ್ಲಿ ಮೃಗಶಿರ ಅಂತಾರೆ ಅಂತ ಹೇಳಿದೆ. ಅವಳು ಫೋಟೋವನ್ನು ಅಜ್ಜಿಗೆ ಕಳಿಸಿದಳು, ಫೋನ್ ಮಾಡಿದಳು.

ಅವ್ವ ಕೇಳಿದ್ದು: "ಮಿರಗ ಅಂದ್ರ ಮಳಿ ಅಲ್ಲೇನವ್ವಾ? ಮಿರಗದ ಮಳಿ ಆದ್ರ ಹೊಲಕ್ಕ ಕೂರಿಗಿ ಹೋಗತಾವು, ಹೆಸರು ಬಿತ್ತತಾರ. ನೀ ಚುಕ್ಕಿ ಅಂತೀಯಲ್ಲ?"

ಮಗಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ತಡವರಿಸ್ತಾಳೆ. ಆದರೆ ಪ್ರಶ್ನೆ ಪೂರ್ತಿ ಅರ್ಥ ಆಯಿತು. ಮಳೆ ಬರೋದು ಜೂನ್‌ನಲ್ಲಿ. ಚುಕ್ಕಿ ಕಾಣೋದು ಜನವರಿಯಲ್ಲಿ. ಎರಡಕ್ಕೂ ಒಂದೇ ಹೆಸರು ಯಾಕೆ?

ಉತ್ತರ ನಾನು ಹೇಳಲಿಲ್ಲ. ಊಟದ ಟೇಬಲ್ ನಡುವೆ ಒಂದು ಬಲ್ಬ್ ಇಟ್ಟೆ, ಗೋಡೆಗಳ ಮೇಲೆ ನಕ್ಷತ್ರದ ಹೆಸರು ಬರೆದ ಚೀಟಿ ಅಂಟಿಸಿದೆ, ಸುತ್ತ ನಡಿ ಅಂದೆ. ಬಲ್ಬ್ ಸೂರ್ಯ, ಅವಳು ಭೂಮಿ. ಬಲ್ಬಿಗೆ ಬೆನ್ನು ಹಾಕಿ ನಿಂತಾಗ ಎದುರಿನ ಗೋಡೆಯಲ್ಲಿ ಮೃಗಶಿರ: ಅದು ರಾತ್ರಿ, ಜನವರಿ. ಅರ್ಧ ಸುತ್ತು ನಡೆದು ಟೇಬಲ್ಲಿನ ಆ ಕಡೆ ಹೋದಾಗ ಮೃಗಶಿರದ ಚೀಟಿ ಬಲ್ಬಿನ ಹಿಂದೆ. ಬಲ್ಬಿನ ಬೆಳಕಲ್ಲಿ ಓದೋಕೇ ಆಗಲ್ಲ. ಅದು ಜೂನ್.

ಅಷ್ಟೇ ವಿಷಯ. ಸೂರ್ಯನ ದಾರಿಯನ್ನು ನಮ್ಮ ಹಿರಿಯರು 27 ಭಾಗ ಮಾಡಿದರು, ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರು. ಒಂದೊಂದರಲ್ಲಿ ಸೂರ್ಯ 13-14 ದಿನ ಇರುತ್ತಾನೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ. ಮಳೆಗೆ ಆ ನಕ್ಷತ್ರದ ಹೆಸರು ಬಂದದ್ದು ಅದು ಕಾಣುತ್ತೆ ಅಂತಲ್ಲ, ಸೂರ್ಯ ಅದರ ಮನೆಯಲ್ಲಿದ್ದಾನೆ ಅಂತ. ನಕ್ಷತ್ರ ಮಳೆ ತರಿಸಲ್ಲ. ಅದೊಂದು ಕ್ಯಾಲೆಂಡರ್. ಕಾಗದದ ಕ್ಯಾಲೆಂಡರ್ ಇಲ್ಲದ ರೈತ ಆಕಾಶದಲ್ಲೇ ಗುರುತು ಮಾಡಿಕೊಂಡಿದ್ದು.

ಇದನ್ನು ಮಗಳು ಪಕ್ಕದ ಮನೆ ಆಜಿಗೂ ಹೇಳಿದಳು. ಅವರು ಕೊಂಕಣದವರು. ಅವರೂ ಜೂನ್ ಮೊದಲ ಮಳೆಗೆ ಮಿರಗ, ಮೃಗ ಅಂತಲೇ ಅನ್ನೋದು. ಗದಗದ ಎರೆಭೂಮಿಗೂ ಕೊಂಕಣದ ಭತ್ತದ ಗದ್ದೆಗೂ ಒಂದೇ ಚುಕ್ಕಿ. ಹದಿಮೂರು ವರ್ಷ ಇಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ.

ಆ ವರ್ಷ ಮುಂಗಾರು ಮುಂಬೈಗೆ ಮೇ 26ಕ್ಕೇ ಬಂತು, ದಾಖಲೆಯಲ್ಲೇ ಎಲ್ಲಕ್ಕಿಂತ ಬೇಗ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಹಂಗಾರ ರೋಹಿಣಿ ಒಳಗ ಬಂತು ಅನ್ನು" ಅಂದಳು. ಮಗಳು ಗೋಡೆಯ ಚೀಟಿ ನೋಡಿ ಹೌದು ಅಂದಳು.

ಜೂನ್ ಎರಡನೇ ವಾರ ಒಂದು ಮಧ್ಯಾಹ್ನ ಅದೇ ಟ್ಯಾಂಕ್ ಪಕ್ಕ ನಿಂತು ಅವಳು ಇನ್ನೊಂದು ಫೋಟೋ ತೆಗೆದಳು. ಅದರಲ್ಲಿ ಮೋಡ, ಟ್ಯಾಂಕು, ಪೈಪು, ಛತ್ರಿಯ ಅಂಚು. ನಕ್ಷತ್ರ ಒಂದೂ ಇಲ್ಲ. ಎರಡನ್ನೂ ಪಕ್ಕಪಕ್ಕ ಜೋಡಿಸಿ, "ಎರಡು ಫೋಟೋ, ಜನವರಿ ರಾತ್ರಿ ಮತ್ತು ಜೂನ್ ಮಧ್ಯಾಹ್ನ, ನಾನೇ ಜೋಡಿಸಿದ್ದು" ಅಂತ ಕೆಳಗೆ ಬರೆದಳು. ಕತೆಯನ್ನು ಮೊದಲು ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಿದಳು, ರೆಕಾರ್ಡ್ ಮಾಡಿಕೊಂಡಳು, ಅದನ್ನು ಕೇಳ್ತಾ ಕೇಳ್ತಾ ಶಾಲೆಗೆ ಇಂಗ್ಲಿಷಿನಲ್ಲಿ ಬರೆದಳು. ಇಂಗ್ಲಿಷ್ ಬರಹದಲ್ಲೂ ಮಿರಗ, ಕೂರಿಗಿ ಹಾಗೇ ಉಳಿದವು. ಎರಡು ಸ್ಪೆಲಿಂಗ್ ತಪ್ಪಿತ್ತು. ನಾನು ಮುಟ್ಟಲಿಲ್ಲ.

ಯಾವುದು ಸಹಾಯ, ಯಾವುದು ಮೋಸ

ಪೇರೆಂಟ್ಸ್ ತುಂಬಾ ಕೇಳೋದು ಇದನ್ನೇ. ನಾನು ಇಟ್ಟುಕೊಂಡಿರೋ ನಿಯಮ ಇಷ್ಟು.

ಕ್ರಾಪ್ ಮಾಡೋದು, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡೋದು, ಓರೆ ಸರಿಮಾಡೋದು ಸರಿ. ಇಲ್ಲದ್ದನ್ನು ಸೇರಿಸೋದು, ಇದ್ದದ್ದನ್ನು ಅಳಿಸೋದು ಸರಿಯಲ್ಲ. ಎರಡು ಚಿತ್ರ ಜೋಡಿಸಿದರೆ ಜೋಡಿಸಿದ್ದು ಅಂತ ಬರೆಯಬೇಕು. ಎಐನಿಂದ ಮಾಡಿಸಿದ ಚಿತ್ರ ಫೋಟೋ ಅಲ್ಲ, ಅದನ್ನು ಫೋಟೋ ಅಂತ ಕೊಡೋದು ಸುಳ್ಳು. ಸ್ಪರ್ಧೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಮೂಲ ಫೈಲ್ ಡಿಲೀಟ್ ಮಾಡಬೇಡಿ. ಯಾವ ಹೊತ್ತಿಗೆ, ಎಷ್ಟು ಸೆಕೆಂಡ್ ಅಂತ ಎಲ್ಲ ಅದರೊಳಗೆ ಇರುತ್ತೆ, ಮಗುವಿನ ಪರವಾಗಿ ಅದೇ ಸಾಕ್ಷಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಹೋಗುತ್ತೆ, ಚಿತ್ರವೂ ಕುಗ್ಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಲೊಕೇಶನ್ ಮಾತ್ರ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಆಫ್ ಮಾಡಿ. ಮಗುವಿನ ಮನೆ ಎಲ್ಲಿದೆ ಅಂತ ಸ್ಪರ್ಧೆಯವರಿಗೆ ಬೇಕಾಗಿಲ್ಲ.

ಬರೆಯೋಕೆ ಕೂತಾಗ ನೀವು ವಾಕ್ಯ ಕೊಡಬೇಡಿ, ಪ್ರಶ್ನೆ ಕೊಡಿ. ಅವತ್ತು ಚಳಿ ಇತ್ತಾ? ಪಕ್ಕದಲ್ಲಿ ಯಾರಿದ್ದರು? ಏನು ಸದ್ದು ಬರ್ತಿತ್ತು? ಯಾವುದು ಗೊತ್ತಾಗಲಿಲ್ಲ? ಊರಲ್ಲಿ ಅಜ್ಜಿ ತಾತ ಇದ್ದರೆ ಅವರಿಗೆ ಮೊದಲು ಹೇಳಿಸಿ. ಅವರು ಮಧ್ಯ ಬಾಯಿ ಹಾಕಿ ಕೇಳೋ ಪ್ರಶ್ನೆಗಳನ್ನು ನಾವ್ಯಾರೂ ಕೇಳಲ್ಲ.

ಬಹುಮಾನ ಬಂತಾ ಅಂತ ಕೇಳ್ತೀರಿ. ಬರಲಿಲ್ಲ. ಶನಿಯ ಉಂಗುರ ತೆಗೆದ ಹುಡುಗನಿಗೆ ಬಂತು, ಅವನಿಗೆ ಬರಬೇಕಾದ್ದೇ. ಆದರೆ ಟೀಚರ್ ಮತ್ತೆ ಅದೇ ಪ್ರಶ್ನೆ ಕೇಳಿದರು, ಇಷ್ಟವಾದ ಜಾಗ ಯಾವುದು ಅಂತ. ಮಗಳು ಜೂನ್ ಫೋಟೋದ ಮೋಡ ತೋರಿಸಿ, "ಇಲ್ಲಿ ಹಿಂದೆ ಮಿರಗ ಇದೆ" ಅಂತ ಶುರುಮಾಡಿದವಳು ಬೆಲ್ ಹೊಡೆಯೋವರೆಗೂ ನಿಲ್ಲಿಸಲಿಲ್ಲವಂತೆ.

ಪ್ರಿಂಟ್ ಹಾಕಿಸಿ ಒಂದನ್ನು ಊರಿಗೆ ಕಳಿಸಿದ್ದೇವೆ. ಅವ್ವ ಅದನ್ನು ಗೋಡೆಯಲ್ಲಿ ಪಂಚಾಂಗದ ಪಕ್ಕ ಮೊಳೆ ಹೊಡೆಸಿ ತೂಗುಹಾಕಿದ್ದಾಳೆ.

ಈ ವಾರ ನಿಮಗೊಂದು ಸಣ್ಣ ಕೆಲಸ. ಊರಿಗೆ ಫೋನ್ ಮಾಡಿದಾಗ, ಈಗ ಯಾವ ಮಳೆ ನಡೀತಿದೆ, ಮುಂದಿನದು ಯಾವುದು ಅಂತ ಕೇಳಿ, ಮಗುವಿಗೂ ಕೇಳಿಸಿ. ಉತ್ತರ ನಮಗೂ ಬರೆದು ತಿಳಿಸಿ. ಮುಂದಿನ ವಾರ ಗುರುಗ್ರಹದ ನಾಲ್ಕು ಚಂದ್ರರನ್ನು ಸಾಧಾರಣ ಬೈನಾಕ್ಯುಲರ್‌ನಲ್ಲಿ ನೋಡೋದು ಹೇಗೆ ಅಂತ ಮಾತಾಡೋಣ.